ಮೀನಖಂಡ

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಎದುರು
ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಾಳಿಗೆ.
ಹತ್ತುವಾಗ ಮೆಟ್ಟಿಲು ಎಣಿಸಿರಲಿಲ್ಲ.
ಇಳಿಯುವಾಗ ಎಣಿಸಿದೆ, ಇಪ್ಪತ್ತೆರಡು.

ರಂಷೀನಾ ಡಾಕ್ಟರಲ್ಲ, ತಾನೇ ಹೇಳಿದಳು.
ಚೆಂಗಳದ ಹುಡುಗಿ, ಮಲಯಾಳದ ದಾರದಲ್ಲಿ ಪೋಣಿಸಿದ ಕನ್ನಡ.
ನನ್ನ ಬಲಗಾಲನ್ನು ಸ್ಟೂಲಿನ ಮೇಲಿಟ್ಟು
ಹೆಬ್ಬೆರಳು ಊರಿ ಕೇಳಿದಳು:
ಐತ್ತಪ್ಪಣ್ಣ, ಹರಿದದ್ದು ಯಾವಾಗ?
ಮೇಲೆ ಹಾರಿದಾಗಲೋ?
ಅಲ್ಲ, ಕೆಳಗೆ ಬಂದಾಗ.
ಹಾಗೇ ಆಗುವುದು, ಎಂದಳು.

ಇಪ್ಪತ್ತಾರು ವರ್ಷ ಪುಂಡುವೇಷ.
ಜನ ದಿಗಿಣ ಎಣಿಸಿದರು,
ನಲವತ್ತು, ಐವತ್ತು, ಬಾಯಿಗೆ ಬೆರಳಿಟ್ಟು ಶಿಳ್ಳೆ.
ಇಳಿದದ್ದನ್ನು ಯಾರೂ ಎಣಿಸಲಿಲ್ಲ.
ಅಷ್ಟೇ ಸಲ ಇಳಿದಿದ್ದೆ ಮಾರಾಯ್ರೆ,
ಗಾಳಿಯಲ್ಲಿ ಒಂದೂ ಬಾಕಿ ಇರಲಿಲ್ಲ.

ಸ್ನಾಯು ತಳ್ಳುವುದಿಲ್ಲ, ಅಂದಳು.
ಅದಕ್ಕೆ ಬರುವ ವಿದ್ಯೆ ಒಂದೇ, ಎಳೆಯುವುದು.
ಕಾಲು ನೀಡಿದರೂ ಎಳೆತ, ಮಡಚಿದರೂ ಎಳೆತ,
ಒಂದು ಎಳೆಯುವಾಗ ಎದುರಿನದು ಬಿಟ್ಟುಕೊಡಬೇಕು.

ನನಗೆ ಕೋಳಿಯ ಕಾಲು ನೆನಪಾಯಿತು.
ಅಂಕದಲ್ಲಿ ಸೋತ ಹುಂಜ, ಅಮ್ಮ ಕಡಿದು ಎಸೆದ ಪಾದ.
ಬಿಳಿ ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದರೆ
ಸತ್ತ ಉಗುರು ಮುಷ್ಟಿ ಕಟ್ಟುತ್ತಿತ್ತು.
ತಂಗಿಯ ಜಡೆಗೆ ಸಿಕ್ಕಿಸಿ ಓಡುತ್ತಿದ್ದೆ.
ಬಿಡಿಸಲು ಬೇರೆಯೇ ದಾರ, ಮುಂಬದಿಯದು,
ಅದನ್ನು ನಾನು ಹುಡುಕಲೇ ಇಲ್ಲ.

ಒಳಗೆ ಏನಿದೆ, ಎಂದೆ.
ಅವಳು ಎರಡೂ ಕೈಬೆರಳುಗಳನ್ನು ಎದುರುಬದುರು ಇಟ್ಟು
ಒಂದರ ಸಂದಿನಲ್ಲಿ ಒಂದನ್ನು ಜಾರಿಸಿದಳು.
ಎಳೆಗಳು ಗಿಡ್ಡವಾಗುವುದಿಲ್ಲವಂತೆ, ನುಸುಳುತ್ತವಂತೆ.
ಕಣ್ಣಿಗೆ ಕಾಣದ ಕೈಗಳು
ಹಿಡಿದು, ಜಗ್ಗಿ, ಬಿಟ್ಟು, ಮತ್ತೆ ಮುಂದೆ ಹಿಡಿದು...
ಗೊತ್ತು, ಎಂದೆ. ಕೊಯಿಪ್ಪಾಡಿ ಕಡಪ್ಪುರದ ಕೈರಂಪಣಿ!
ಒಂದು ಹಗ್ಗಕ್ಕೆ ಮೂವತ್ತು ಜನ,
ಮರಳಲ್ಲಿ ಹಿಮ್ಮಡಿ ಹೂತು ಹಿಂದೆ ಹಿಂದೆ ನಡೆಯುವವರು.
ಎಲ್ಲರೂ ಒಟ್ಟಿಗೆ ಬಿಟ್ಟರೆ ಬಲೆ ಕಡಲಿಗೇ.
ಅದಕ್ಕೆ ಕೆಲವು ಕೈ ಹಿಡಿದಿರುತ್ತವೆ, ಕೆಲವು ಮುಂದಕ್ಕೆ ಚಾಚುತ್ತವೆ.
ಕಾಲಿನ ಹಿಂದಿನ ಈ ಉಬ್ಬಿಗೆ
ಮೀನಖಂಡ ಎಂದು ಹೆಸರಿಟ್ಟವನು
ಆ ಬಲೆಯನ್ನು ನೋಡಿರಬೇಕು.

ಏಳುವ ಹೊತ್ತಿಗೆ ಅವಳು ಅಂದ ಒಂದು ಮಾತು
ಆ ರಾತ್ರಿ ನಿದ್ದೆ ಕೆಡಿಸಿತು:
ಹಿಡಿದದ್ದನ್ನು ಬಿಡುವುದಕ್ಕೇ ಅನ್ನ ಬೇಕು.
ಉಂಡ ಗಂಜಿ ಉರಿದು, ಕಸುವಾಗಿ ಬಂದು ತಾಗಿದರೆ
ಆಗ ಆ ಸಣ್ಣ ಕೈ ಸಡಿಲ.
ಬಾರದಿದ್ದರೆ ಹಿಡಿದದ್ದು ಹಿಡಿದ ಹಾಗೇ.

ಅಪ್ಪನನ್ನು ಮೀಯಿಸಿದ ಬೆಳಿಗ್ಗೆ
ಮೂವರು ಸೇರಿದರೂ ಅವರ ಬಲಗೈ ಬಿಚ್ಚಲಾಗಲಿಲ್ಲ.
ಸಿಟ್ಟು ಎಂದುಕೊಂಡಿದ್ದೆ ಇಷ್ಟು ವರ್ಷ,
ನನ್ನ ಮೇಲೆ, ನಾನು ಹಚ್ಚಿದ ಬಣ್ಣದ ಮೇಲೆ.
ಸಿಟ್ಟಲ್ಲ.
ಬಿಡುವಷ್ಟು ಅನ್ನ ಒಳಗೆ ಉಳಿದಿರಲಿಲ್ಲ.

ಗೋಡೆ ಹಿಡಿಯಿರಿ. ಹಿಮ್ಮಡಿ ಎತ್ತಿ.
ಇಳಿಸುವಾಗ ನಿಧಾನ, ನಿಧಾನ.
ಒನ್ನ್, ರಂಡ್, ಮೂನ್ನ್...
ಬಾಯಲ್ಲಿ ಅವಳ ಲೆಕ್ಕ, ಕಾಲೊಳಗೆ ಭಾಗವತರ ತಾಳ,
ಎರಡೂ ಎಲ್ಲೋ ಒಂದು ಕಡೆ ಕೂಡಿ, ಮತ್ತೆ ತಪ್ಪಿದವು.
ಹನ್ನೊಂದಕ್ಕೆ ಮೀನು ನಡುಗಿತು.
ಉದ್ದವಾಗುತ್ತಲೇ ಹಿಡಿದಿರಬೇಕು, ಅದೇ ಕಷ್ಟ, ಎಂದಳು.
ಅಟ್ಟದಿಂದ ಅಕ್ಕಿಮುಡಿ ಇಳಿಸಿದವನಿಗೆ ಅರ್ಥವಾಗುತ್ತದೆ,
ಹಗ್ಗ ಬಿಡುತ್ತಾ ಬಿಡುತ್ತಾ ಬಿಡದೆ ಇರುವುದು.

ಸಂಜೆ ಮುಳ್ಳೇರಿಯಾ ಬಸ್ಸು. ಸೀಟಿಲ್ಲ.
ಚೆರ್ಕಳದ ತಿರುವಿನಲ್ಲಿ ಕಂಬಿ ಬಿಟ್ಟು ನಿಂತೆ.
ಬಸ್ಸು ವಾಲಿತು, ಕಿರುಬೆರಳು ನೆಲ ಒತ್ತಿತು.
ಬ್ರೇಕು ಬಿತ್ತು, ಮುಂದಕ್ಕೆ ಮುಗ್ಗರಿಸಿದವನನ್ನು
ಮೀನು ಜಗ್ಗಿ ಹಿಂದಕ್ಕೆ ತಂದಿತು.
ನೋಡುವವರಿಗೆ, ಸುಮ್ಮನೆ ನಿಂತ ಒಬ್ಬ ಮನುಷ್ಯ.
ಪಿಡಿಚ್ಚ್ ನಿಲ್ಲ್ ಚೇಟ್ಟಾ, ಗದರಿದ ಕಂಡಕ್ಟರು.
ಹಿಡಿದೇ ಇದ್ದೇನೆ, ಎಂದೆ.
ಬೋವಿಕಾನಕ್ಕೆ ಒಂದು ಟಿಕೇಟು.